ಕಣ್ಣೊಳಗಿನ ಬಿಲ್ಲೆ

ಈಗಲೂ ದಿನಕ್ಕೆ ಹತ್ತು ಸಲವಾದರೂ ನನ್ನ ಬಲಗೈಯ ತೋರುಬೆರಳು ತಾನಾಗಿ ಮೇಲೆದ್ದು ಮೂಗಿನ ಬುಡದ ತನಕ ಹೋಗಿ, ಅಲ್ಲಿ ಏನೂ ಸಿಗದೆ ಪೆಚ್ಚಾಗಿ ವಾಪಸು ಬರುತ್ತದೆ. ಮೂವತ್ತು ವರ್ಷ ಜಾರುವ ಕನ್ನಡಕವನ್ನು ಏರಿಸಿ ಏರಿಸಿ ಆದ ರೂಢಿ. ಕನ್ನಡಕ ಹೋಗಿ ಒಂಬತ್ತು ತಿಂಗಳಾಯಿತು, ರೂಢಿ ಹೋಗಿಲ್ಲ. ಹುಕ್ಕೇರಿಯ ನಮ್ಮ ಶಾಲೆಯಲ್ಲಿ ನಾನು ಬೋರ್ಡಿನ ಕಡೆ ತಿರುಗಿದೊಡನೆ ಏಳನೆಯ ತರಗತಿಯ ಹುಡುಗಿಯರು ಇದನ್ನೇ ಮಾಡಿ ತೋರಿಸಿ ಕಿಸಕ್ಕನೆ ನಗುತ್ತಾರೆ. ಅವರ ಆಟವೆಲ್ಲ ಈಗ ನನಗೆ ಕಿಟಕಿಯ ಗಾಜಿನಲ್ಲಿ ಚೆನ್ನಾಗಿ ಕಾಣುತ್ತದೆ ಎಂಬುದು ಅವರಿಗೆ ಗೊತ್ತಿಲ್ಲ. ನಾನೂ ಹೇಳಿಲ್ಲ. ಮನೆಯಲ್ಲಿ ಹೆಂಡತಿ ಮಹಾದೇವಿ ಮಾತ್ರ, "ನಿಮ್ಮ ಕೈಗೆ ಇನ್ನಾ ಸುದ್ದಿ ಮುಟ್ಟಿಲ್ಲಂತ ಕಾಣತೈತ್ರಿ" ಎನ್ನುತ್ತಾಳೆ.

ನೀವು ಕನ್ನಡಕ ಹಾಕದವರಾಗಿದ್ದರೆ ನಿಮಗೆ ಹೇಗೆ ತಿಳಿಸಲಿ? ನನ್ನ ನಂಬರು ಮೈನಸ್ ಹದಿನಾಲ್ಕು. ಅಂದರೆ, ಮೂಗಿನಿಂದ ನಾಲ್ಕು ಬೆರಳು ದೂರದ ತನಕ ಲೋಕ. ಅಲ್ಲಿಂದಾಚೆಗೆ ಎಲ್ಲವೂ ಹಿಟ್ಟು ಕಲಸಿದ ನೀರು. ಬೆಳಿಗ್ಗೆ ಎದ್ದ ಮೇಲೆ ದಿಂಬಿನ ಬಾಜೂ ಕೈಯಾಡಿಸಿ ಕನ್ನಡಕ ಸಿಕ್ಕರೆ ಆ ದಿನ ಶುರು, ಸಿಗದಿದ್ದರೆ ಇಲ್ಲ. ಸ್ನಾನದ ಮನೆಯಲ್ಲಿ ಸಾಬೂನೆಂದು ಮೈಗೆ ಉಜ್ಜಿಕೊಂಡದ್ದು ಅವ್ವನ ಹಿಮ್ಮಡಿ ತಿಕ್ಕುವ ಕಲ್ಲಾಗಿತ್ತು. ಮಳೆಗಾಲದ ಒಂದು ದಿನ ಗೋಕಾಕದ ಬಸ್ಸೆಂದು ಹತ್ತಿ, ಕಿಟಕಿಯ ಸೀಟು ಹಿಡಿದು, ಒದ್ದೆ ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸಿಕೊಳ್ಳುತ್ತ ಕೂತಿದ್ದೆ. ಕಂಡಕ್ಟರ್ ಬಂದು, "ಇದು ಸಂಕೇಶ್ವರದ ಗಾಡೀರಿ ಮಾಸ್ತರ. ಬೋರ್ಡ್ ಓದಾಕ ಬರೂದಿಲ್ಲೇನು?" ಎಂದ. "ಓದಾಕ ಬರತೈತ್ರಿ, ಕಾಣೂದಿಲ್ಲ" ಎಂದೆ. ಊರಾಚೆ ಮಳೆಯಲ್ಲಿ ಇಳಿದು ನಡೆದುಕೊಂಡು ವಾಪಸು ಬಂದೆ.

ಆದರೆ ಇವೆಲ್ಲ ನಗುವ ಮಾತುಗಳು. ಕನ್ನಡಕ ನನ್ನಿಂದ ನಿಜವಾಗಿ ಕಸಿದುಕೊಂಡದ್ದು ಒಂದೇ ಒಂದನ್ನು. ಅದನ್ನು ಹೇಳಬೇಕಾದರೆ ನಮ್ಮಪ್ಪನ ವಿಷಯ ಹೇಳಬೇಕು.

ನಮ್ಮೂರು ಕುಲಗೋಡ. ಅಪ್ಪ ಶಿವಲಿಂಗಪ್ಪ ಅಲ್ಲಿಯ ಗುಳವ್ಯಾ. ಆಲೆಮನೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಮುಂದೆ ನಿಂತು, ಪಾಕದ ಹದ ನೋಡಿ, ಕೊಪ್ಪರಿಗೆಯನ್ನು ಯಾವ ಗಳಿಗೆಗೆ ಒಲೆಯಿಂದ ಎಳೆಯಬೇಕೆಂದು ಹೇಳುವವನಿಗೆ ನಮ್ಮ ಕಡೆ ಗುಳವ್ಯಾ ಎನ್ನುತ್ತಾರೆ. ಸ್ವಲ್ಪ ಮೊದಲಾದರೆ ಬೆಲ್ಲ ಗಟ್ಟಿಯಾಗದೆ ಜೋನಿಯಾಗಿ ಉಳಿಯುತ್ತದೆ, ಸ್ವಲ್ಪ ತಡವಾದರೆ ಕರಕಾಗುತ್ತದೆ. ಅಪ್ಪ ಒಂದು ಕೈಯಲ್ಲಿ ಪಾಕ ಕಲಕುವ ಉದ್ದನೆಯ ಹುಟ್ಟು ಹಿಡಿದು ಸುಮ್ಮನೆ ನಿಂತಿರುತ್ತಿದ್ದ. ಯಾರೂ ಮಾತಾಡುವಂತಿಲ್ಲ. ಒಮ್ಮೆಲೇ "ಎಳೀರಿ!" ಎನ್ನುತ್ತಿದ್ದ. ನಾಲ್ಕು ಗಟ್ಟಿ ಆಳುಗಳು ಗಳ ಹಾಕಿ ಕೊಪ್ಪರಿಗೆಯನ್ನು ಒಲೆಯಿಂದ ಸರಿಸಿ, ಬಂಗಾರದ ಬಣ್ಣದ ಪಾಕವನ್ನು, ಅದು ಆರಲೆಂದು ಇಟ್ಟ ಅಗಲ ತೊಟ್ಟಿಗೆ, ಅಂದರೆ ದೋಣಿಗೆ, ಸುರಿಯುತ್ತಿದ್ದರು. ಆ ಒಂದು ಮಾತಿಗೆ ಅಷ್ಟು ಮಂದಿ ಓಡುವುದನ್ನು ಕಂಡು, ದೊಡ್ಡವನಾದ ಮೇಲೆ ನಾನೂ ಆ ಜಾಗದಲ್ಲಿ ನಿಂತು ಒಮ್ಮೆ "ಎಳೀರಿ" ಎನ್ನಬೇಕು ಎಂದು ಬಹಳ ಆಸೆಪಟ್ಟಿದ್ದೆ. ಬೇರೆ ಹುಡುಗರು ಡ್ರೈವರ್ ಆಗುವ ಕನಸು ಕಾಣುತ್ತಿದ್ದರು. ನನ್ನದು ಇದು.

ಒಂಬತ್ತು ವರ್ಷದವನಿದ್ದಾಗ ಆ ಆಸೆಗೆ ಬೆಂಕಿ ಬಿತ್ತು. ಅಪ್ಪ ಅತ್ತ ಸರಿದಾಗ ನಾನು ಕೊಪ್ಪರಿಗೆಯ ಹತ್ತಿರ ಹೋಗಿ ಬಗ್ಗಿ ನೋಡಿದೆ. ಹಬೆಗೆ ಕನ್ನಡಕ ಮಂಜಾಯಿತು. ಬೆವರಿಗೆ ಜಾರಿತು. ಬೆರಳು ಮೇಲೇಳುವುದರೊಳಗೆ ಅದು ಕುದಿಯುವ ಪಾಕದಲ್ಲಿ ಬಿದ್ದು ಮುಳುಗಿತು. ಒಲೆಗೆ ಉರಿ ಹಾಕುತ್ತಿದ್ದ ದಸ್ತಗೀರ ಕಾಕಾ ನನ್ನ ಚಡ್ಡಿ ಹಿಡಿದು ಎಳೆಯದೆ ಇದ್ದಿದ್ದರೆ ಕನ್ನಡಕದ ಹಿಂದೆ ನಾನೂ ಹೋಗುತ್ತಿದ್ದೆ. ಇಡೀ ಕೊಪ್ಪರಿಗೆಯನ್ನು ತಿಪ್ಪೆಗೆ ಸುರಿದರು. ಅಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. ಬಾಗಿಲ ಹತ್ತಿರ ಕರೆದುಕೊಂಡು ಹೋಗಿ, "ತಮ್ಮಾ, ನಿನ್ನ ಕಣ್ಣಿಗಿ ಬೆಂಕಿ ಕೂಡೂದಿಲ್ಲ. ನೀ ಸಾಲಿ ಹಿಡಿ. ಈ ಹೊಸ್ತಿಲಾ ದಾಟಬ್ಯಾಡ" ಎಂದ. ಅಲ್ಲಿಂದ ಮುಂದೆ ಪ್ರತಿ ಸುಗ್ಗಿಯಲ್ಲೂ ನನ್ನ ಜಾಗ ಆಲೆಮನೆಯ ಹೊಸ್ತಿಲು. ಅಪ್ಪನ ಮಾತಿನಂತೆ ಶಾಲೆ ಹಿಡಿದೆ. ಎಷ್ಟು ಗಟ್ಟಿಯಾಗಿ ಹಿಡಿದೆನೆಂದರೆ ಇನ್ನೂ ಬಿಟ್ಟಿಲ್ಲ.

ಹೊಸ್ತಿಲ ಮೇಲೆ ಕೂತು ಕೇಳಿದ ಒಂದು ಮಾತು ಮಾತ್ರ ಈಚಿನ ವರ್ಷಗಳಲ್ಲಿ ಹೊಸದಾಗಿ ಸೇರಿತ್ತು. ಪಾಕ ದೋಣಿಗೆ ಬಿದ್ದ ಮೇಲೆ ಅಪ್ಪ, "ಬಣ್ಣ ಹ್ಯಾಂಗ ಐತೋ ದಸ್ತಗೀರಾ?" ಎನ್ನುತ್ತಿದ್ದ. ಕಾಕಾ ಬಗ್ಗಿ ನೋಡಿ, "ಬಂಗಾರ ಐತಿ ಬಂಗಾರ!" ಎನ್ನುತ್ತಿದ್ದ. ತನ್ನ ಕೆಲಸವನ್ನು ಗೆಳೆಯನ ಬಾಯಿಂದ ಹೊಗಳಿಸಿಕೊಳ್ಳುವ ಮುದುಕನ ಹಂಬಲವೆಂದು ನಾನು ಒಳಗೊಳಗೇ ನಗುತ್ತಿದ್ದೆ.

ಕಣ್ಣಿನ ಆಪರೇಷನ್ ಮಾತು ಬಂದದ್ದು ಹೋದ ಬೇಸಿಗೆಯ ರಜೆಯಲ್ಲಿ. ಬೆಳಗಾವಿಯ ಕಣ್ಣಿನ ಲೇಡಿ ಡಾಕ್ಟರು ಪರೀಕ್ಷೆ ಮೇಲೆ ಪರೀಕ್ಷೆ ಮಾಡಿ, ನನ್ನ ಕಣ್ಣಿನ ಮುಂದಿನ ಪದರು ತೆಳುವಾಗಿದೆ, ಇಷ್ಟು ದೊಡ್ಡ ನಂಬರಿಗೆ ಲೇಸರ್ ಆಗುವುದಿಲ್ಲ ಎಂದರು. ಅದಕ್ಕೆ ಬೇರೆ ದಾರಿಯಿದೆಯಂತೆ: ಹುಟ್ಟಿನಿಂದ ಬಂದ ಮಸೂರವನ್ನು ಮುಟ್ಟದೆ, ಅದರ ಮುಂದೆ ಕೂದಲಿನಷ್ಟು ತೆಳುವಾದ ಇನ್ನೊಂದು ಮಸೂರವನ್ನು ಮಡಚಿ ಒಳಗೆ ಬಿಡುವುದು. ಅದು ಒಳಗೆ ಹೋಗಿ ಬಿಚ್ಚಿಕೊಂಡು ಕೂರುತ್ತದೆ. ಮೂಗಿನ ಮೇಲೆ ಕೂರಲು ತಕರಾರು ಮಾಡುವ ವಸ್ತು ಕಣ್ಣೊಳಗೆ ಹೇಗೆ ತಾನೆ ಸುಮ್ಮನೆ ಕೂತೀತು?

ನನಗೆ ಆಶ್ಚರ್ಯ ತಂದದ್ದು ಅಪ್ಪ. ನನ್ನ ಮದುವೆಯ ಬಟ್ಟೆ ತರಲೂ ಬೆಳಗಾವಿಗೆ ಬಾರದವನು, "ನಾನೂ ಬರತೇನಿ" ಎಂದು ಹೊರಟು ನಿಂತ. ಆಸ್ಪತ್ರೆಯ ಮೆಟ್ಟಿಲಲ್ಲಿ ನನ್ನ ತೋಳು ಹಿಡಿದುಕೊಂಡ. ಮೂವತ್ತೆಂಟರ ಮಗನನ್ನು ಕೈಹಿಡಿದು ನಡೆಸುವ ತಂದೆ! ನನಗೆ ನಾಚಿಕೆಯಾಯಿತು. ಒಳಗೆ ಡಾಕ್ಟರು, "ಏನಾದರೂ ಕೇಳೂದೈತೇನ್ರಿ?" ಎಂದಾಗ ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಕೇಳಿದ: "ಡಾಕ್ಟರಬಾಯಾರ, ಕೊಪ್ಪರಗಿ ಮುಂದ ನಿಂತ್ರ ಆ ಬಿಲ್ಲಿ ಕರಗೂದಿಲ್ಲೇನ್ರಿ?"

ಡಾಕ್ಟರಿಗೆ ಮೊದಲು ಅರ್ಥವಾಗಲಿಲ್ಲ. ಬಿಲ್ಲಿಯೆಂದರೆ ಕಣ್ಣೊಳಗೆ ಹಾಕುವ ಮಸೂರವೆಂದೂ, ಬೆಲ್ಲದ ಒಲೆಯ ವಿಷಯವನ್ನೂ ನಾನು ಬಿಡಿಸಿ ಹೇಳಿದೆ. ಅವರು ನಕ್ಕು, "ಇಲ್ಲರಿ ಅಜ್ಜಾರ. ಬಿಲ್ಲಿ ಕರಗೂಕಿಂತ ಮೊದಲ ನಿಮ್ಮ ಹುಬ್ಬು ಸುಟ್ಟಿರತಾವು, ನೀವ ಹಿಂದ ಸರದಿರತೀರಿ" ಎಂದರು. ಅಪ್ಪ ತಲೆಯಾಡಿಸಿದ. ಮರುದಿನ ಮತ್ತೆ ಅದೇ ಪ್ರಶ್ನೆ. ಮೂರನೆಯ ದಿನ, "ಮತ್ತ ಹೊಗಿಗಿ?" ಎಂದು ಬೇರೆ ಸೇರಿಸಿದ. ನರ್ಸುಗಳು ಬಾಯಿಗೆ ಕೈ ಇಟ್ಟುಕೊಂಡರು. "ಅಪಾ, ನಾನ್ಯಾಕ ಕೊಪ್ಪರಗಿ ಮುಂದ ನಿಲ್ಲಲಿ? ನೀ ಹೊಸ್ತಿಲಾ ದಾಟಾಕ ಬಿಟ್ರ ಹೌದಲ್ಲೋ!" ಎಂದು ನಾನೂ ರೇಗಿದೆ.

ಆಪರೇಷನ್ ಬಗ್ಗೆ ಹೇಳುವಂಥದ್ದೇನಿಲ್ಲ. ಒಂದು ಕಣ್ಣು ಒಂದು ದಿನ, ಎರಡು ದಿನ ಬಿಟ್ಟು ಇನ್ನೊಂದು. ಕಣ್ಣಿಗೆ ಹನಿ, ಮುಖದ ಮೇಲೆ ಬಟ್ಟೆ, ಬೆಳಕಿನ ದೊಡ್ಡ ಗುಂಡು, ಯಾರೋ ಕಣ್ಣನ್ನು ಮೆಲ್ಲಗೆ ಒತ್ತಿದಂತೆ. ನಾನು ಮನಸ್ಸಿನಲ್ಲಿ ಇಪ್ಪತ್ತರ ಮಗ್ಗಿಯನ್ನು ಎರಡು ಸಲ ಹೇಳಿಕೊಳ್ಳುವುದರೊಳಗೆ ಮುಗಿಯಿತು. ಹೇಳಬೇಕಾದ್ದು ಮರುದಿನ ಬೆಳಗಿನದು.

ಎಚ್ಚರವಾಯಿತು. ಲೋಕ ಇತ್ತು.

ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ. ನಾನು ಕೈಯಾಡಿಸಿರಲಿಲ್ಲ, ಹುಡುಕಿರಲಿಲ್ಲ, ಏನನ್ನೂ ಮೂಗಿನ ಮೇಲೆ ಇಟ್ಟುಕೊಂಡಿರಲಿಲ್ಲ. ಫ್ಯಾನಿನ ರೆಕ್ಕೆಯ ಮೇಲಿನ ಧೂಳು ಇತ್ತು, ಗೋಡೆಯ ಮೇಲೊಂದು ಹಲ್ಲಿ ಇತ್ತು, ಹಲ್ಲಿಯ ಗಂಟಲು ಮಿಡಿಯುತ್ತಿತ್ತು. ಕಿಟಕಿಯಾಚೆ ಬೇವಿನ ಮರದ ತುದಿಯಲ್ಲಿ ಎಲೆಗಳು ಒಂದೊಂದಾಗಿ ಅಲುಗಾಡುತ್ತಿದ್ದವು. ಇವೆಲ್ಲ ನಾನು ನಿದ್ದೆಯಲ್ಲಿದ್ದಾಗಲೂ ಹೀಗೆಯೇ ಇದ್ದವು, ನನಗಾಗಿ ಕಾಯದೆ ಇದ್ದವು ಎಂಬುದು ಆಗ ಹೊಳೆಯಿತು. ಡಾಕ್ಟರು ಅಕ್ಷರದ ಹಲಗೆ ಓದಿಸಿದರು. ಕನ್ನಡಕ ಹಾಕಿಕೊಂಡಾಗಲೂ ನಾನು ಮುಟ್ಟದಿದ್ದ ಸಾಲಿಗೆ ಇಳಿದೆ. ಇನ್ನೂ ಒಂದು ಸಾಲು ಇಳಿದೆ. ಮಾಸ್ತರನಾಗಿ ಎಷ್ಟೋ ಮಕ್ಕಳಿಗೆ ಓದಲು ಕಲಿಸಿದ್ದೇನೆ. ಓದಿದ್ದಕ್ಕೆ ಅತ್ತದ್ದು ನಾನೊಬ್ಬನೇ ಇರಬೇಕು.

ಇನ್ನೊಂದು ಸೋಜಿಗವನ್ನು ಯಾರೂ ಮೊದಲೇ ಹೇಳಿರಲಿಲ್ಲ. ದಪ್ಪ ಮೈನಸ್ ಗಾಜು ಎಲ್ಲವನ್ನೂ ಸಣ್ಣದಾಗಿ ತೋರಿಸುತ್ತದಂತೆ. ಅಂದರೆ ಮೂವತ್ತು ವರ್ಷ ನಾನು ಒಂದು ಸಣ್ಣ ಲೋಕದಲ್ಲಿ ಸಂಸಾರ ಮಾಡಿದ್ದೆ. ಈಗ ಎಲ್ಲವೂ ದೊಡ್ಡದಾಯಿತು! ಮನೆಗೆ ಬಂದರೆ ಮಹಾದೇವಿ ಬಾಗಿಲ ತುಂಬ ನಿಂತಿದ್ದಾಳೆ. ರೊಟ್ಟಿ ತಟ್ಟೆ ತುಂಬಿದೆ. ಕುಲಗೋಡದ ಎಮ್ಮೆ ಆನೆಯಾಗಿದೆ. "ಎಷ್ಟ ದೊಡ್ಡಾಕಿ ಆಗೀದಿಯಲ್ಲ" ಎಂದು ಹೆಂಡತಿಗೆ ಪ್ರೀತಿಯಿಂದಲೇ ಹೇಳಿದೆ. ಆ ದಿನ ನನಗೆ ಚಹಾ ಸಿಗಲಿಲ್ಲ. ಆದರೆ ಸಂಜೆ ಅವಳೇ ಹತ್ತಿರ ಬಂದು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಆ ಗಾಜಿನ ಹಿಂದೆ ನನ್ನ ಕಣ್ಣುಗಳು ಅವಳಿಗೆ ಯಾವಾಗಲೂ ಎರಡು ಹುರುಳಿ ಕಾಳಿನಂತೆ ಕಾಣುತ್ತಿದ್ದವಂತೆ. "ಇಷ್ಟ ದೊಡ್ಡ ಕಣ್ಣ ಇದ್ದುವೇನ್ರಿ ನಿಮಗ? ಹನ್ನೊಂದ ವರ್ಷ ಎಲ್ಲಿ ಇಟ್ಟಿದ್ರಿ?" ಎಂದಳು.

ಕಳೆದುಕೊಂಡದ್ದೂ ಇದೆ, ಸುಳ್ಳು ಹೇಳಬಾರದು. ಕನ್ನಡಕ ತೆಗೆದು ಮೂಗಿನ ಹತ್ತಿರ ಹಿಡಿದರೆ ಇರುವೆಯ ಮೀಸೆಯೂ ಕಾಣುತ್ತಿದ್ದ ಆ ಹಳೆಯ ದೃಷ್ಟಿ ಹೋಯಿತು. ಅವ್ವನ ಸೂಜಿಗೆ ದಾರ ಪೋಣಿಸುವ ನನ್ನ ಕೆಲಸವೂ ಅದರೊಂದಿಗೆ ಹೋಯಿತು. ಮೊದಲ ಕೆಲವು ವಾರ ದೀಪಗಳಿಗೆಲ್ಲ ಬಳೆ ತೊಡಿಸಿದಂತೆ ಕಾಣುತ್ತಿತ್ತು. ಬೆಳಗಾವಿಯಿಂದ ಬರುವಾಗ ಹತ್ತರಗಿಯ ಹೈವೇಯಲ್ಲಿ ಸಂಜೆಯ ಲಾರಿಗಳೆಲ್ಲ ಬಳೆ ತೊಟ್ಟುಕೊಂಡು ಮದುವೆಗೆ ಹೊರಟಂತಿದ್ದವು. ಕಣ್ಣಿನ ಒತ್ತಡವನ್ನೂ ಹಿಂದಿನ ಪರದೆಯನ್ನೂ ವರ್ಷವರ್ಷ ತೋರಿಸಿಕೊಳ್ಳಬೇಕೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದಾರೆ. ನಂಬರು ಹೋದರೂ ಕಣ್ಣು ಹಳೆಯದೇ ತಾನೆ.

ಮಳೆಗಾಲದಲ್ಲಿ ಗೋಕಾಕ ಫಾಲ್ಸಿಗೆ ಹೋದೆ. ಹಿಂದೆ ಶಾಲೆಯ ಪ್ರವಾಸದಲ್ಲಿ ಹೋದಾಗ ತುಂತುರಿಗೆ ಕನ್ನಡಕ ತೊಯ್ದು, ಹಾಕಿದರೂ ಕಾಣದೆ ತೆಗೆದರೂ ಕಾಣದೆ, ಫಾಲ್ಸನ್ನು ಕಿವಿಯಿಂದ ಕೇಳಿ ವಾಪಸು ಬಂದಿದ್ದೆ. ಈಗ ಮುಖವೊಡ್ಡಿ ನಿಂತೆ. ಕೆಂಪು ನೀರು ಬಂಡೆಯ ತುದಿಗೆ ಬಂದು ಒಂದು ಕ್ಷಣ ಬಗ್ಗಿ, ಆಮೇಲೆ ನೂರಾರು ಎಳೆಯಾಗಿ ಬೀಳುತ್ತಿತ್ತು. ಒಂದು ಎಳೆಯನ್ನು ಹಿಡಿದು ಕೆಳಗಿನ ತನಕ ಕಣ್ಣಿನಿಂದ ಇಳಿದೆ. ಮತ್ತೆ ಮೇಲೆ ಹತ್ತಿ ಇನ್ನೊಂದನ್ನು ಹಿಡಿದೆ. ಬಂಡೆಯ ಸಂದಿನಿಂದ ಪಾರಿವಾಳಗಳು ನೀರಿನ ಮುಂದೆಯೇ ಹಾರಿಹೋದವು. ಮುಖದ ಮೇಲೆ ಹನಿ ಬಿದ್ದವು, ಆದರೂ ಕಾಣುತ್ತಿತ್ತು! ನಾನು ಎಷ್ಟು ಹೊತ್ತು ನಿಂತಿದ್ದೆನೆಂದರೆ, ಬಾಜೂ ಸುಟ್ಟ ಗೋವಿನಜೋಳ ಮಾರುತ್ತಿದ್ದವಳು, "ಯಪ್ಪಾ, ಮನ್ಯಾಗ ಎಲ್ಲಾ ಚೆಂದ ಐತಿಲ್ಲೋ?" ಎಂದು ಕೇಳಿದಳು. ಚೆಂದ ಐತವ್ವ ಎಂದೆ. ನಿಜಕ್ಕೂ ಅಷ್ಟು ಚೆಂದವನ್ನು ನಾನು ಕಂಡೇ ಇರಲಿಲ್ಲ.

ಸುಗ್ಗಿ ಬಂತು. ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಎಂದಿನಂತೆ ಕುಲಗೋಡದ ಆಲೆಮನೆಯ ಹೊಸ್ತಿಲ ಮೇಲೆ ಕೂತಿದ್ದೆ. ನಮ್ಮದೇ ಕಬ್ಬು. ಅಪ್ಪ ಒಳಗಿನಿಂದ ಕೂಗಿದ: "ಮಾಸ್ತರ, ಒಳಗ ಬಾ."

ನಾನು ಎದ್ದು ನಿಂತೆ. ಕಾಲು ಹೊಸ್ತಿಲ ಹತ್ತಿರವೇ ನಿಂತಿತು. ಇಪ್ಪತ್ತೊಂಬತ್ತು ವರ್ಷದ ಅಪ್ಪಣೆ ಅದು. "ಬಾ ಅನ್ನಾಕತ್ತೇನಿ. ಇವತ್ತ ಈ ಕೊಪ್ಪರಗಿಗಿ ನೀ ಗುಳವ್ಯಾ" ಎಂದು ಅಪ್ಪ ಹುಟ್ಟನ್ನು ನನ್ನ ಕೈಗೆ ಕೊಟ್ಟು ಹಿಂದೆ ಸರಿದ. ಉರಿ ಹಾಕುತ್ತಿದ್ದ ದಸ್ತಗೀರ ಕಾಕಾ ಹಲ್ಲು ಕಿರಿದ. ನಾಲ್ವರು ಆಳುಗಳು ಗಳ ಹಿಡಿದು ನನ್ನ ಬಾಯಿಯನ್ನೇ ನೋಡುತ್ತ ನಿಂತರು.

ನಾನು ಕೊಪ್ಪರಿಗೆಯೊಳಗೆ ನೋಡಿದೆ. ಹಬೆ ಮುಖಕ್ಕೆ ಬಡಿಯಿತು, ಏನೂ ಮಂಜಾಗಲಿಲ್ಲ. ಅಯ್ಯೋ, ಅದರೊಳಗೆ ಏನೇನಿತ್ತು! ಬಿಳಿ ನೊರೆ ಹರಿದು ಹಳದಿಯಾಯಿತು. ಹಳದಿಯೊಳಗಿನಿಂದ ಸಾಸಿವೆಯಷ್ಟು ಗುಳ್ಳೆಗಳೆದ್ದವು. ಅವು ಹೊಟ್ಟೆ ಉಬ್ಬಿಸಿಕೊಂಡು ಒಂದನ್ನೊಂದು ನುಂಗಿ ದೊಡ್ಡವಾದವು. ಪ್ರತಿ ಗುಳ್ಳೆಯ ಮೇಲೂ ಆಲೆಮನೆಯ ಬಾಗಿಲು ಸಣ್ಣದಾಗಿ ಹೊಳೆಯುತ್ತಿತ್ತು, ಬಾಗಿಲಲ್ಲಿ ಬಿಸಿಲು ಹೊಳೆಯುತ್ತಿತ್ತು. ಗುಳ್ಳೆ ಒಡೆದರೆ ಬಾಗಿಲೂ ಹೋಗುತ್ತಿತ್ತು, ಇನ್ನೊಂದರಲ್ಲಿ ಮತ್ತೆ ಹುಟ್ಟುತ್ತಿತ್ತು. ಹೊಸ್ತಿಲ ಮೇಲೆ ಕೂತು ಇಷ್ಟು ವರ್ಷ ನಾನು ಊಹಿಸಿಕೊಂಡದ್ದು ಇದರ ಕಾಲುಭಾಗವೂ ಇರಲಿಲ್ಲ. ನಾನು ನೋಡಿದೆ, ನೋಡಿದೆ, ನೋಡುತ್ತಲೇ ಇದ್ದೆ.

"ಎಳೀರಿ!" ಎಂದು ಕೂಗಿದ್ದು ಅಪ್ಪ. ತಡವಾಗಿತ್ತು. ದೋಣಿಗೆ ಬಿದ್ದ ಪಾಕ ಕೆಂಪಿಗಿಂತ ಕಪ್ಪೇ ಹೆಚ್ಚಾಗಿತ್ತು. ದಸ್ತಗೀರ ಕಾಕಾ ಬೆರಳಲ್ಲಿ ಮುಟ್ಟಿ ನಾಲಿಗೆಗೆ ಹಚ್ಚಿಕೊಂಡು, "ಎಮ್ಮಿಗೆ ಆಗತೈತಿ ಬಿಡು" ಎಂದ. ಆಳುಗಳು ಬೇರೆ ಕಡೆ ಮುಖ ತಿರುಗಿಸಿ ನಕ್ಕರು.

"ಏನ ಮಾಡಾಕತ್ತಿದ್ದಿ?" ಎಂದ ಅಪ್ಪ.

"ನೋಡಾಕತ್ತಿದ್ನಿ" ಎಂದೆ. ಕಿವಿಯ ತನಕ ಬಿಸಿಯಾಗಿತ್ತು.

"ಅದಽ ತಪ್ಪಾದದ್ದು" ಎಂದ.

ಎರಡನೆಯ ಕೊಪ್ಪರಿಗೆ ಏರಿತು. ನಾನು ಹೊಸ್ತಿಲ ಕಡೆ ಹೊರಟಿದ್ದೆ. ಅಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟು ನಿಲ್ಲಿಸಿ, "ಈಗ ಕಣ್ಣ ಮುಚ್ಚು" ಎಂದ. ಇಷ್ಟೆಲ್ಲ ಮಾಡಿ ಪಡೆದ ಕಣ್ಣನ್ನು ಮುಚ್ಚುವುದೇ! ಆದರೆ ಗುಳವ್ಯಾನ ಮಾತು. ಮುಚ್ಚಿದೆ. ಮೊದಲು ಜಡಿಮಳೆಯ ಸದ್ದು ಕೇಳಿಸಿತು. ಬಹಳ ಹೊತ್ತಾದ ಮೇಲೆ ಅದು ತಗ್ಗಿತು. ಆಮೇಲೆ ಪುಟಕ್ ಪುಟಕ್ ಎಂದು ಬಿಡಿಬಿಡಿಯಾಗಿ, ಆಮೇಲೆ ಇನ್ನೂ ನಿಧಾನವಾಗಿ, ದಪ್ಪವಾಗಿ. ಹಸಿ ಕಬ್ಬಿನ ವಾಸನೆ ಹೋಗಿ ಮೂಗಿಗೆ ಬೇರೆಯೇ ಒಂದು ಘಮ ಬಂತು. ಹಬ್ಬದ ದಿನ ಅಡಿಗೆಮನೆಯಿಂದ ಬರುವ ಹೂರಣದ ಘಮ ಅದು.

"ಎಳೀರಿ!" ಎಂದೆ. ದನಿ ಹರಿದು ಹುಡುಗನ ದನಿಯಾಯಿತು. ಆಳುಗಳು ಓಡಿದರು. ನಾನು ಬಾಯಿ ತೆರೆಯುವ ಮೊದಲು ಹೆಗಲ ಮೇಲಿನ ಕೈ ಒಂದಿಷ್ಟು ಒತ್ತಿತ್ತೇನೋ ಎಂಬ ಅನುಮಾನ ನನಗೆ ಇನ್ನೂ ಇದೆ. ಇರಲಿ, ಮಾತು ನನ್ನದೇ.

ಕಣ್ಣು ತೆರೆದೆ. ದೋಣಿಯಲ್ಲಿ ಬಂಗಾರ ಹರಿಯುತ್ತಿತ್ತು. ಖುಷಿಯಿಂದ ಅಪ್ಪನ ಕಡೆ ತಿರುಗಿದೆ. ಅಪ್ಪ ದೋಣಿಯನ್ನು ನೋಡುತ್ತಿರಲಿಲ್ಲ. ಅವನ ಮುಖ ಪಾಕ ಬೀಳುವ ಸದ್ದಿನ ಕಡೆಗಿತ್ತು.

"ಬಣ್ಣ ಹ್ಯಾಂಗ ಐತೋ?" ಎಂದು ಕೇಳಿದ.

ಬಾಗಿಲ ಬಿಸಿಲು ಅವನ ಮುಖದ ಮೇಲೆ ನೇರವಾಗಿ ಬಿದ್ದಿತ್ತು. ಎರಡೂ ಕಣ್ಣಿನ ಪಾಪೆಗಳಲ್ಲಿ ಹಾಲು ಕಟ್ಟಿದ ಬಿಳಿ. ಫಾಲ್ಸಿನ ನೀರನ್ನು ಎಳೆ ಎಳೆಯಾಗಿ ಎಣಿಸಿದವನು, ಹಲ್ಲಿಯ ಗಂಟಲನ್ನು ಕಂಡವನು, ಎಂಟು ತಿಂಗಳು ಇದನ್ನು ಕಂಡಿರಲಿಲ್ಲ.

"ಯಾವಾಗಿಂದಪಾ?" ಎಂದೆ.

"ನಾಕ ಸುಗ್ಗಿ ಆತು." ಅಪ್ಪ ದನಿ ತಗ್ಗಿಸಿದ. "ಒಂದ ಕಣ್ಣ ಮೊದಲ ಹೋತು, ಹೋದ ವರ್ಷ ಇನ್ನೊಂದು. ದಸ್ತಗೀರಗ ಅಷ್ಟ ಗೊತ್ತು. ಕುರಡ ಗುಳವ್ಯಾ ಅಂದ್ರ ಊರಾಗ ಯಾರ ಕೊಪ್ಪರಗಿ ಬಿಟ್ಟ ಕೊಡತಾರ?"

"ಕಣ್ಣಿಗಿ ಪೊರಿ ಬಂದೈತಪಾ. ಅದನ್ನ ತಗದು ಬಿಲ್ಲಿ ಹಾಕತಾರ. ನಂದಕ್ಕಿಂತ ಸಸಾರ ಕೆಲಸ ಅದು. ಬೆಳಗಾವಿಗಿ ಬಂದಾಗಽ ತೋರಸಬಹುದಿತ್ತಲ್ಲ!"

"ಅದಕ್ಕಽ ಬಂದಿದ್ನಿ. ಕೇಳಿದ್ನಿ ಅಲಾ ಮೂರ ಸಲ? ಕರಗೂದಿಲ್ಲ ಅಂತ ಆ ಡಾಕ್ಟರಬಾಯಿ ಹೇಳಿದ್ಲು, ಖರೆ. ಆದರ ಆಕಿ ಎಂದಾರ ಕೊಪ್ಪರಗಿ ಮುಂದ ನಿಂತಾಳೇನು?" ನನ್ನ ದನಿಯ ಕಡೆ ಮುಖ ತಿರುಗಿಸಿ ಕೇಳಿದ: "ನೀ ಮುಂಜಾನಿಂದ ಎರಡ ಕೊಪ್ಪರಗಿ ನಿಂತಿ. ನಿನ್ನ ಬಿಲ್ಲಿ ಬೆಚ್ಚಗಾತೇನು?"

ಆಗ ನನಗೆ ತಿಳಿಯಿತು. ಹದ ಬಂತೋ ಇಲ್ಲವೋ ಎಂದು ಪಾಕದ ಒಂದು ಹನಿಯನ್ನು ನೀರಿಗೆ ಬಿಟ್ಟು ನೋಡುವಂತೆ ಅಪ್ಪ ನನ್ನನ್ನು ಬೆಂಕಿಯ ಮುಂದೆ ಬಿಟ್ಟು ನೋಡಿದ್ದ. ನಾನು ಪಟ್ಟಾಭಿಷೇಕವೆಂದು ಉಬ್ಬಿದ್ದೆ. ನಗು ಬಂತು. ನಗುವಿನ ಹಿಂದೆಯೇ ಮತ್ತೊಂದು ಬಂದು, ಬೆರಳು ರೂಢಿಯಂತೆ ಮೂಗಿನ ಬುಡಕ್ಕೆ ಹೋಗಿ ಒದ್ದೆಯಾಗಿ ವಾಪಸು ಬಂತು.

ದಸ್ತಗೀರ ಕಾಕಾ ಒಲೆಯ ಬಾಯಿಂದಲೇ ಕೂಗಿದ: "ಶಿವಲಿಂಗಾ, ಹುಡುಗನ ಕಣ್ಣಾಗಿಂದ ನೀರ ಹರ್ಯಾಕತ್ತೈತಿ! ಬಿಲ್ಲಿ ಕರಗಿತು ನೋಡು!"

ಅಪ್ಪ ಗಾಬರಿಯಾಗಿ ಎರಡೂ ಕೈಯಿಂದ ನನ್ನ ಮುಖ ಹಿಡಿದು, ಕಾಣದ ಆ ಕಣ್ಣುಗಳನ್ನು ನನ್ನ ಕಣ್ಣಿನ ಹತ್ತಿರ, ನಾಲ್ಕು ಬೆರಳಿನಷ್ಟು ಹತ್ತಿರ ತಂದ. ಹೆಬ್ಬೆರಳಿನಿಂದ ನನ್ನ ಗಲ್ಲವನ್ನು ತಡವಿ ನೋಡಿದ.

"ಖರೇನಽ ಕರಗಾಕತ್ತೈತೇನೋ?"

"ಇಲ್ಲಪಾ" ಎಂದೆ. "ಬಿಲ್ಲಿ ಗಟ್ಟಿ ಐತಿ. ನಾಳೆ ಬೆಳಗಾವಿಗಿ ಹೋಗೂಣು, ನಡಿ."